ಕ್ರೈಸ್ತಾರಾಧನೆಯಲ್ಲಿ ಪ್ರಣಾಮವಿಚಾರ

ದೇವರ ಮುಂದೆ ದೇಹವು ಬಾಗಿದೊಡನೆಯೇ ಹೃದಯವೂ ಬಾಗಿತೆಂದು ಹೇಳಲಾದೀತೆ ಎಂಬ ಪ್ರಶ್ನೆಯು ಎಲ್ಲ ಮತಗಳಲ್ಲಿಯೂ ಉಂಟು. ಕನ್ನಡ ಬೈಬಲಿನಲ್ಲಿ ಇದು ಶಬ್ದವಿಚಾರವಾಗಿಯೂ ಪರಿಣಮಿಸಿರುವುದರಿಂದ ಸಾಹಿತ್ಯಾಧ್ಯಾಪಕರಿಗೂ ಉಪೇಕ್ಷಣೀಯವಲ್ಲ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಪ್ರೊಸ್ಕುನೇಯೋ' ಎಂಬ ಕ್ರಿಯಾಪದವುಂಟು. ನೆಲಕ್ಕೆ ಬಾಗಿ ವಂದಿಸುವುದು ಅದರ ಅರ್ಥ. ಬೆತ್ಲೆಹೇಮಿನಲ್ಲಿ ಜೋಯಿಸರು ಶಿಶುವಿಗೆ ಮಾಡಿದ ವಂದನೆಗೂ, ಬಾವಿಯ ಬಳಿ ಯೇಸು ಸಮಾರ್ಯದ ಸ್ತ್ರೀಗೆ ಬೋಧಿಸಿದ ಆತ್ಮಸತ್ಯಗಳ ಉಪಾಸನೆಗೂ ಮೂಲದಲ್ಲಿ ಇದೊಂದೇ ಪದ. ಬಹುಕಾಲದಿಂದ ಪ್ರಚಾರದಲ್ಲಿರುವ ಕನ್ನಡ ಪಾಠದಲ್ಲಾದರೋ ಮೊದಲನೆಯದು 'ಅಡ್ಡಬೀಳು', ಎರಡನೆಯದು 'ಆರಾಧಿಸು'. 'ಅಡ್ಡಬೀಳು' ಎಂಬುದು ಜಕ್ಕೂರು, ಯಲಹಂಕಗಳ ಕಡೆಯ ಒಕ್ಕಲು ಮನೆಗಳಲ್ಲಿಯೂ ಕೇಳಬರುವ ಆಡುಮಾತು. ಕೇಳಿದೊಡನೆಯೇ ನೆಲವೂ ಹಣೆಯೂ ಕಣ್ಣಿಗೆ ಕಟ್ಟುವುವು. 'ಆರಾಧನ'ವು 'ರಾಧ್' ಧಾತುವಿನಿಂದ ಹುಟ್ಟಿ ಪ್ರೀತಿಗೊಳಿಸುವುದೆಂಬ ಅರ್ಥವುಳ್ಳದ್ದು. ಅದರಲ್ಲಿ ಮೊಣಕಾಲಿಗೆ ಎಡೆಯೇ ಇಲ್ಲ. ಆಯಾ ಪ್ರಸಂಗಕ್ಕೆ ಎರಡೂ ಪದಗಳು ಒಪ್ಪುವುವು, ನಿಜ. ಆದರೆ ಕನ್ನಡವನ್ನು ಮಾತ್ರ ಓದುವವನಿಗೆ ದೇಹದ ವಂದನೆಯೇ ಬೇರೆ, ಹೃದಯದ ವಂದನೆಯೇ ಬೇರೆ ಎಂದು ತೋರುವುದು. ಗ್ರೀಕಿನಲ್ಲಿ ಆತ್ಮವೇ ಅಡ್ಡಬೀಳುತ್ತದೆ.

ನಮ್ಮ ಶಾಸ್ತ್ರಕಾರರು ಈ ಭೇದವನ್ನು ಒಪ್ಪಿದವರಲ್ಲ. ಅಷ್ಟಾಂಗಪ್ರಣಾಮದ ಪ್ರಸಿದ್ಧ ಲಕ್ಷಣದಲ್ಲಿ ಎದೆ, ತಲೆ, ಪಾದ, ಕರ, ಜಾನುಗಳ ಸಾಲಿನಲ್ಲಿಯೇ ದೃಷ್ಟಿ, ವಾಕ್ಕು, ಮನಸ್ಸುಗಳೂ ಅಂಗಗಳಾಗಿ ಎಣಿಸಲ್ಪಟ್ಟಿವೆ. ಮನಸ್ಸಿಲ್ಲದ ಸಾಷ್ಟಾಂಗವು ಲೆಕ್ಕಕ್ಕೆ ಸಪ್ತಾಂಗವೇ! ಲೂಕನ ಸುವಾರ್ತೆಯ ದೃಷ್ಟಾಂತವೂ ಇಲ್ಲಿ ಸ್ಮರಣೀಯ. ಫರಿಸಾಯನೂ ಸುಂಕದವನೂ ದೇವಾಲಯದಲ್ಲಿ ನಿಂತೇ ಪ್ರಾರ್ಥಿಸಿದರು, ನಿಲುವು ಒಂದೇ. ಸುಂಕದವನು ದೂರದಲ್ಲಿ ನಿಂತು, ಕಣ್ಣೆತ್ತದೆ, ಎದೆ ಬಡಿದುಕೊಂಡನು. ಅವನ ಹೃದಯವು ತಿಳಿದುಬರುವುದು ಈ ಅಂಗಚೇಷ್ಟೆಗಳಿಂದಲೂ ಅಲ್ಲವೆ?

ನಿಲ್ಲುವುದು ಅನಾದರವೆಂದೂ ಭಾವಿಸಲಾಗದು. ಕ್ರಿ. ಶ. ೩೨೫ರ ನಿಕೇಯ ಮಹಾಸಭೆಯು ಭಾನುವಾರಗಳಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ವಿಧಿಸಿತ್ತು. ಮೊಣಕಾಲೂರುವುದು ಪಶ್ಚಾತ್ತಾಪಕ್ಕೆ, ನಿಲ್ಲುವುದು ಪುನರುತ್ಥಾನದ ಹರ್ಷಕ್ಕೆ.

ಈ ವಿಷಯದಲ್ಲಿ ಬೆಂಗಳೂರಿಗೆ ವಿಶೇಷ ಸಂಬಂಧವುಂಟು. ೧೯೬೯ರ ಏಪ್ರಿಲಿನಲ್ಲಿ ರೋಮು ಭಾರತದ ಕಥೋಲಿಕ ಪೂಜೆಗೆ ಹನ್ನೆರಡು ಮಾರ್ಪಾಟುಗಳನ್ನು ಅನುಮತಿಸಿತು. ಇವುಗಳ ಪ್ರಚಾರದಲ್ಲಿ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವೂ ಅದರ ಸ್ಥಾಪಕ ನಿರ್ದೇಶಕರಾದ ಡಿ. ಎಸ್. ಅಮಲೋರ್ಪವದಾಸರೂ ಅಗ್ರಗಣ್ಯರು. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತುಕೊಳ್ಳಬಹುದು; ಮೊಣಕಾಲು ಬಗ್ಗಿಸುವುದಕ್ಕೆ ಬದಲಾಗಿ ಅಂಜಲಿಹಸ್ತರಾಗಿ ಆಳವಾಗಿ ಬಾಗಬಹುದು; ಪಂಚಾಂಗಪ್ರಣಾಮ ಮಾಡಬಹುದು; ಪವಿತ್ರವಸ್ತುಗಳನ್ನು ಚುಂಬಿಸುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬಹುದು. ಶಾಂತಿಚುಂಬನದ ಸ್ಥಾನದಲ್ಲಿಯೂ ಪರಸ್ಪರ ಅಂಜಲಿಯೇ.

ದೇವರಿಗೂ ಅಂಜಲಿ, ನೆರೆಯವನಿಗೂ ಅಂಜಲಿಯಾದರೆ ತಾರತಮ್ಯವೆಲ್ಲಿ? ಭರತಮುನಿಯು ಇದಕ್ಕೆ ಮೊದಲೇ ಸಮಾಧಾನ ಹೇಳಿಟ್ಟಿರುವನು. ದೇವತೆಗಳಿಗೆ ತಲೆಯ ಮೇಲೆ, ಗುರುಗಳಿಗೆ ಮುಖದ ನೇರಕ್ಕೆ, ಮಿತ್ರರಿಗೆ ಎದೆಯ ಬಳಿ ಅಂಜಲಿಯನ್ನು ಹಿಡಿಯಬೇಕೆಂಬುದು ನಾಟ್ಯಶಾಸ್ತ್ರದ ವಿಧಿ. ಈ ಸೂಕ್ಷ್ಮವನ್ನೂ ಹನ್ನೆರಡು ಅಂಶಗಳಲ್ಲಿ ಸೇರಿಸಿದ್ದರೆ ಚೆನ್ನಾಗಿತ್ತು.

ಮಾರ್ಪಾಟಿಗೆ ವಿರೋಧವೂ ಬಂದಿತು. ಇದು ಹಿಂದೂ ಪದ್ಧತಿಯ ಅನುಕರಣವೆಂದು ಕೆಲವರೆಂದರು. ಇದು ದುರ್ಬಲ ವಾದ. ಮೊಣಕಾಲೂರುವುದೂ ಕೈಜೋಡಿಸುವುದೂ ಯೂರೋಪಿನ ಅರಸರ ಮತ್ತು ಒಡೆಯರ ಸಮ್ಮುಖದಲ್ಲಿ ನಡೆಯುತ್ತಿದ್ದ ಆಚಾರಗಳೇ. ಸಂಸ್ಕೃತ ಸಂಪ್ರದಾಯದ ಈ ಭಂಗಿಗಳು ದಲಿತ ಕ್ರೈಸ್ತರಿಗೆ ಹಳೆಯ ಮೇಲುಕೀಳನ್ನೇ ನೆನಪಿಗೆ ತರುವುವೆಂಬ ಇನ್ನೊಂದು ಆಕ್ಷೇಪವು ಗುರುತರವಾದುದು. ಒಡೆಯನ ಮುಂದೆ ತಲೆಮಾರುಗಳಿಂದ ಬಲವಂತವಾಗಿ ಅಡ್ಡಬಿದ್ದ ಮನೆತನದವನಿಗೆ ಅದೇ ಭಂಗಿಯನ್ನು ಭಕ್ತಿಯೆಂದು ಬೋಧಿಸುವುದು ಹೇಗೆ? ನಾನು ಓದಿದ ಲಕ್ಷಣಗ್ರಂಥಗಳಲ್ಲಿ ಇದಕ್ಕೆ ಉತ್ತರವಿಲ್ಲ.