ಗರ್ಭನಿರೋಧದ ಆಯ್ಕೆ ಮತ್ತು ಅರ್ಥವಾಗುವ ಭಾಷೆ

ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರ ಗರ್ಭನಿರೋಧಕ ಬಳಕೆಯನ್ನು ಕುರಿತ ಅಧ್ಯಯನಗಳು ವಯಸ್ಸು, ಶಿಕ್ಷಣ, ಆದಾಯ, ಮಕ್ಕಳ ಸಂಖ್ಯೆ, ಗಂಡುಮಗುವಿನ ಅಪೇಕ್ಷೆ ಹಾಗೂ ಆರೋಗ್ಯಸೇವೆಯ ಸಾಮೀಪ್ಯವನ್ನು ಪ್ರಮುಖ ಅಂಶಗಳೆಂದು ಪರಿಗಣಿಸುತ್ತವೆ. ಭಾಷೆ ಈ ಪಟ್ಟಿಯಲ್ಲಿ ಸ್ಥಾನ ಪಡೆಯುವುದು ವಿರಳ. ಮನೆಮಾತು ಒಂದಾಗಿ, ಆಸ್ಪತ್ರೆಯ ಬರಹದ ಭಾಷೆ ಮತ್ತೊಂದಾಗಿರುವ ಗಡಿನಾಡಿಗೆ ಇದು ಸಣ್ಣ ಕೊರತೆಯಲ್ಲ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ. 66.7ರಷ್ಟು ಮಂದಿ ಯಾವುದಾದರೊಂದು ವಿಧಾನವನ್ನು ಅವಲಂಬಿಸಿದ್ದರು. ಸ್ತ್ರೀ ಸಂತಾನಹರಣ ಚಿಕಿತ್ಸೆಯ ಪಾಲು ಶೇ. 37.9, ಪುರುಷರದು ಶೇ. 0.3 ಮಾತ್ರ. ಆಂಧ್ರಪ್ರದೇಶದಲ್ಲಿ ಸ್ತ್ರೀ ಸಂತಾನಹರಣದ ಪ್ರಮಾಣ ಶೇ. 70ರ ಸಮೀಪದಲ್ಲಿತ್ತು. ಅಲ್ಲಿ ಬಳಕೆಯೆಂದರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ. ಆದುದರಿಂದ ಬಳಕೆಯ ಪ್ರಮಾಣವೊಂದನ್ನೇ ಆಯ್ಕೆಯ ಸ್ವಾತಂತ್ರ್ಯದ ಅಳತೆಗೋಲಾಗಿ ಬಳಸಲಾಗದು.

ಈ ಏಕಮುಖತೆಗೆ ಹಲವು ಕಾರಣಗಳಿವೆ. ಬೇಗನೆ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಬಳಿಕ ಶಸ್ತ್ರಚಿಕಿತ್ಸೆ ಎಂಬ ಕ್ರಮ ದಕ್ಷಿಣದ ರಾಜ್ಯಗಳಲ್ಲಿ ರೂಢಿಯಾಗಿದೆ. 1996ರವರೆಗೆ ಜಾರಿಯಲ್ಲಿದ್ದ ಗುರಿನಿಗದಿ ಪದ್ಧತಿಯೂ ಇದನ್ನು ಪೋಷಿಸಿತು. ಗರ್ಭನಿರೋಧ ಹೆಂಗಸರ ಹೊಣೆ ಎಂಬ ಹೇಳಿಕೆಯನ್ನು ಅದೇ ಸಮೀಕ್ಷೆಯಲ್ಲಿ ಶೇ. 35ರಷ್ಟು ಪುರುಷರು ಒಪ್ಪಿದ್ದರು.

ಭಾಷೆಯ ಪಾತ್ರ ಇಲ್ಲಿಯೇ ಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆ ಒಂದು ಸಹಿಯಿಂದ ನಡೆದುಹೋಗಬಹುದು. ಹೆರಿಗೆಗಳ ನಡುವೆ ಅಂತರ ಕಾಯುವ ವಿಧಾನಗಳಿಗೆ ಮಾತುಕತೆ ಬೇಕು. ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೊಮ್ಮೆ ಸೇವಿಸಬೇಕು. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಇದನ್ನು ಮುಂಚಿತವಾಗಿ ತಿಳಿಯದ ಮಹಿಳೆ ಗಾಬರಿಗೊಂಡು ಆ ವಿಧಾನವನ್ನೇ ಕೈಬಿಡುವ ಸಂಭವ ಹೆಚ್ಚು. ವಂಕಿಯ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ.

ಸಂತಾನಹರಣಕ್ಕೆ ಒಳಗಾಗುವ ವ್ಯಕ್ತಿಗೆ ಅದರ ಪರಿಣಾಮಗಳನ್ನು ಆಕೆಗೆ ಅಥವಾ ಆತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ವಿವರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ನಿರ್ದೇಶಿಸಿತು. ರಾಜ್ಯದ ಆಡಳಿತ ಭಾಷೆ ಮತ್ತು ಅರ್ಥವಾಗುವ ಭಾಷೆ ಎಲ್ಲೆಡೆಯೂ ಒಂದೇ ಅಲ್ಲ. ಕನ್ನಡ ಶಾಲೆಯಲ್ಲಿ ಓದಿದ ಮಡಕಶಿರಾದ ಮಹಿಳೆಗೆ ತೆಲುಗಿನ ಮಾತು ತಿಳಿದಿದ್ದರೂ ತೆಲುಗಿನ ಒಪ್ಪಿಗೆ ಪತ್ರವನ್ನು ಓದಲಾಗದಿರಬಹುದು. ತಾಳವಾಡಿಯಲ್ಲಿ ತಮಿಳಿನ, ಕಾಸರಗೋಡಿನಲ್ಲಿ ಮಲಯಾಳದ ಪತ್ರಕ್ಕೂ ಇದೇ ಸ್ಥಿತಿ ಒದಗಬಹುದು. ಊರಿನವರೇ ಆದ ಆಶಾ ಕಾರ್ಯಕರ್ತೆ ಈ ಅಂತರವನ್ನು ಬಾಯಿಮಾತಿನಲ್ಲಿ ತುಂಬಬಲ್ಲರು. ಆದರೆ ಸಹಿ ಬೀಳುವುದು ಓದಲಾಗದ ಕಾಗದದ ಮೇಲೆ.

ಸಮೀಕ್ಷೆಯ ಕೋಷ್ಟಕಗಳು ವಾಸಸ್ಥಳ, ಶಿಕ್ಷಣ, ಧರ್ಮ, ಜಾತಿ ಹಾಗೂ ಸಂಪತ್ತಿನ ಆಧಾರದ ಮೇಲೆ ಬಳಕೆಯನ್ನು ವಿಂಗಡಿಸುತ್ತವೆ. ಮನೆಮಾತಿನ ಆಧಾರದ ವಿಂಗಡಣೆ ಅಲ್ಲಿಲ್ಲ. ಹೀಗಾಗಿ ಭಾಷಾ ಅಲ್ಪಸಂಖ್ಯಾತ ಮಹಿಳೆಯರು ರಾಜ್ಯದ ಸರಾಸರಿಯಲ್ಲಿ ಕರಗಿಹೋಗುತ್ತಾರೆ. ಗಡಿನಾಡಿನ ಅಧ್ಯಯನಗಳು ಮನೆಮಾತು, ಓದಬಲ್ಲ ಲಿಪಿ ಮತ್ತು ಸಲಹೆ ದೊರೆತ ಭಾಷೆ ಎಂಬ ಮೂರನ್ನು ಪ್ರತ್ಯೇಕವಾಗಿ ದಾಖಲಿಸಿದರೆ, ಒಪ್ಪಿಗೆ ಎಷ್ಟರಮಟ್ಟಿಗೆ ಅರಿತು ಕೊಟ್ಟದ್ದು ಎಂಬುದನ್ನು ಪರಿಶೀಲಿಸಲು ಸಾಧ್ಯವಾಗುತ್ತದೆ.