ಊರಿಗೆ ಬಂದ ಬಂಡವಾಳ

‘ಊರಿಗೆ ಬಂದವಳು ನೀರಿಗೆ ಬಾರದಿರುವಳೆ?’ ಎಂಬ ಗಾದೆಯನ್ನು ಕೇಳದವರಿಲ್ಲ. ವಿದೇಶೀ ಬಂಡವಾಳವನ್ನು ಬರಮಾಡಿಕೊಳ್ಳುವ ಬಡ ರಾಷ್ಟ್ರಗಳ ನಂಬಿಕೆಯೂ ಇಂಥದೇ. ಹೊರಗಿನ ಕಂಪನಿಯು ಕಾರ್ಖಾನೆ ಕಟ್ಟಿದ ಮೇಲೆ ತಿರುಪು, ತಂತಿ, ರಟ್ಟಿನ ಪೆಟ್ಟಿಗೆಗಳಿಗಾದರೂ ಊರಿನ ಉದ್ದಿಮೆದಾರನ ಬಳಿಗೆ ಬಂದೇ ಬರುವುದು, ಅದರೊಡನೆ ಅವನೂ ಬೆಳೆಯುವನು ಎಂದು. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಮೆಕ್ಸಿಕೊ ದೇಶದ ಅನುಭವ ತಿಳಿಸುತ್ತದೆ.

1994ರ ಜನವರಿ 1ರಂದು ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ, ಮೆಕ್ಸಿಕೊಗಳ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಿತು. ಹಿಂದಿನ ವರ್ಷ ಮೆಕ್ಸಿಕೊದಲ್ಲಿ 500 ಕೋಟಿ ಡಾಲರುಗಳ ಒಳಗಿದ್ದ ವಿದೇಶೀ ನೇರ ಹೂಡಿಕೆ ಆ ಒಂದೇ ವರ್ಷದಲ್ಲಿ 1000 ಕೋಟಿಯನ್ನು ಮೀರಿತು. ಟಿಹುವಾನಾ, ಸಿಯುದಾದ್ ಹುವಾರೆಸ್ ಮೊದಲಾದ ಗಡಿಯ ಊರುಗಳಲ್ಲಿ, ಬಿಡಿಭಾಗಗಳನ್ನು ಹೊರಗಿನಿಂದ ತರಿಸಿ ಜೋಡಿಸಿ ಮರಳಿ ರಫ್ತು ಮಾಡುವ ‘ಮಾಕಿಲಾದೋರಾ’ ಕಾರ್ಖಾನೆಗಳು ಹೆಚ್ಚಿದವು. 1993ರಲ್ಲಿ ಅವುಗಳಲ್ಲಿ ದುಡಿಯುತ್ತಿದ್ದವರು ಸುಮಾರು 5.5 ಲಕ್ಷ ಜನ. 2000ದ ಹೊತ್ತಿಗೆ ಆ ಸಂಖ್ಯೆ 12 ಲಕ್ಷವನ್ನು ದಾಟಿತು. ಅಷ್ಟು ಮನೆಗಳಲ್ಲಿ ಒಲೆ ಉರಿದುದು ಸಣ್ಣ ಮಾತಲ್ಲ.

ಆದರೆ ಬಂದವಳು ನೀರಿನ ಕೊಡವನ್ನೂ ತನ್ನೊಡನೆಯೇ ತಂದಿದ್ದಳು! ಆ ಕಾರ್ಖಾನೆಗಳು ಬಳಸಿದ ಸಾಮಗ್ರಿಯಲ್ಲಿ ಮೆಕ್ಸಿಕೊದ ಪಾಲು ನೂರಕ್ಕೆ ಸುಮಾರು 3ರಷ್ಟು ಮಾತ್ರ. ಸುಂಕವಿಲ್ಲದೆ ಹೊರಗಿನಿಂದ ತರಿಸಬಹುದಾದಾಗ, ಕೊಳ್ಳುವ ನಿರ್ಧಾರ ದೂರದ ಮುಖ್ಯ ಕಚೇರಿಯಲ್ಲಿ ಆಗುತ್ತಿರುವಾಗ, ಸ್ಥಳದ ಉದ್ದಿಮೆದಾರನನ್ನು ಕೇಳುವವರಾರು? 1994ರ ಡಿಸೆಂಬರಿನಲ್ಲಿ ಪೆಸೊ ನಾಣ್ಯದ ಬೆಲೆ ಕುಸಿದು, ಬ್ಯಾಂಕುಗಳು ಸಾಲ ಕೊಡಲು ಹಿಂಜರಿದ ಮೇಲಂತೂ ಹೊಸ ಯಂತ್ರಗಳನ್ನು ಕೊಳ್ಳುವುದು ಅವನಿಗೆ ಇನ್ನಷ್ಟು ಕಷ್ಟವಾಯಿತು.

ಹಿಂದೆ ಮೆಕ್ಸಿಕೊದ ನೀತಿ ಬೇರೆಯಾಗಿತ್ತು. ಮೋಟಾರು ಕಾರಿನ ತಯಾರಿಕೆಯ ನೇರ ವೆಚ್ಚದಲ್ಲಿ ನೂರಕ್ಕೆ 60 ಪಾಲಾದರೂ ಸ್ವದೇಶದ್ದಾಗಿರಬೇಕೆಂದು 1962ರ ಸರ್ಕಾರೀ ಆಜ್ಞೆಯೊಂದು ವಿಧಿಸಿತ್ತು. ಅದರ ಆಸರೆಯಲ್ಲಿ ಬಿಡಿಭಾಗಗಳ ದೇಶೀಯ ಕೈಗಾರಿಕೆ ಬೇರೂರಿತು. ರಕ್ಷಣೆಯ ಗೋಡೆಯೊಳಗೆ ಕಾರಿನ ಬೆಲೆ ಏರಿದ್ದೂ ನಿಜ. ಹೂಡಿಕೆದಾರನ ಮೇಲೆ ಇಂಥ ಷರತ್ತನ್ನು ಹೇರಬಾರದೆಂದು 1994ರ ಒಪ್ಪಂದ ಹೇಳಿತು. ಕಾರು ತಯಾರಿಕೆಯಲ್ಲಿ ಉಳಿದಿದ್ದ ಷರತ್ತು ಕ್ರಮೇಣ ಸಡಿಲಗೊಂಡು 2004ಕ್ಕೆ ಕೊನೆಗೊಂಡಿತು. ಸುಂಕದ ವಿನಾಯಿತಿ ಪಡೆಯಲು ಕಾರಿನ ಮೌಲ್ಯದಲ್ಲಿ ನೂರಕ್ಕೆ 62.5 ಪಾಲು ಮೂರು ದೇಶಗಳೊಳಗಿನದಾಗಿದ್ದರೆ ಸಾಕಾಯಿತು. 2020ರಲ್ಲಿ ಬಂದ ಹೊಸ ಒಪ್ಪಂದ ಇದನ್ನು 75ಕ್ಕೆ ಏರಿಸಿತಾದರೂ, ಅದರಲ್ಲಿ ಮೆಕ್ಸಿಕೊಗೆಂದು ಬೇರೆ ಪಾಲನ್ನು ಗೊತ್ತುಪಡಿಸಲಿಲ್ಲ.

ಬಾಗಿಲು ತೆರೆಯುವುದೇ ತಪ್ಪೆಂದು ಇದರ ಅರ್ಥವಲ್ಲ. ಸುಂಕವನ್ನು ಇಳಿಸಲು ಒಂದು ರುಜು ಸಾಕು. ಸಾಲ, ತರಬೇತಿ, ಗುಣಪರೀಕ್ಷೆಗಳ ವ್ಯವಸ್ಥೆಯನ್ನು ಕಟ್ಟಲು ವರ್ಷಗಳು ಬೇಕು. ಮೊದಲನೆಯದು ನಡೆದು ಎರಡನೆಯದು ಹಿಂದುಳಿದರೆ ದೇಶಕ್ಕೆ ದಕ್ಕುವುದು ಕೂಲಿಯೊಂದೇ. ಕಸುಬು ಹೊರಗಿನವರಲ್ಲಿಯೇ ಉಳಿಯುತ್ತದೆ.