ಕೆಲಸ ಕೊಡಿಸುವವರ ಕೆಲಸ

ಸಂಘದ ಸಮಾರಂಭಗಳಲ್ಲಿ ಭೇಟಿಯಾಗುವ ಹಿರಿಯರು ಆಗಾಗ ಕೇಳುವುದುಂಟು: "ನೀವು ಕೆಲಸ ಮಾಡುತ್ತಿದ್ದ ಸಂಸ್ಥೆ ಶಾಲೆಯೋ, ನೌಕರಿ ಕೊಡಿಸುವ ಏಜೆನ್ಸಿಯೋ?" ಎರಡರ ಲಕ್ಷಣಗಳೂ ಅದಕ್ಕಿದ್ದವು. ಬಡ ಕುಟುಂಬಗಳ ಯುವಕ ಯುವತಿಯರಿಗೆ ಎರಡು ಮೂರು ತಿಂಗಳ ತರಬೇತಿ ನೀಡಿ, ನೌಕರಿಗೆ ಸೇರಿಸಿ, ಅಲ್ಲಿ ನೆಲೆಯೂರುವ ತನಕ ಜತೆಗಿರುವ ಲಾಭರಹಿತ ಸಂಸ್ಥೆಗಳು ಮುಂಬಯಿಯಲ್ಲಿ ಹಲವಾರಿವೆ. ಅಂಥದೊಂದರಲ್ಲಿ ಕೆಲವು ವರ್ಷ ದುಡಿದ ಅನುಭವದ ಆಧಾರದಿಂದ ಈ ವೃತ್ತಿಯ ಒಳಹೊರಗನ್ನು ಓದುಗರಿಗೆ ಪರಿಚಯಿಸಬಯಸುತ್ತೇನೆ.

ಹೊರನಾಡ ಕನ್ನಡಿಗರಿಗೆ ಈ ಕೆಲಸ ಅಪರಿಚಿತವೇನೂ ಅಲ್ಲ. ಕರಾವಳಿಯಿಂದ ಬಂದ ಹುಡುಗನಿಗೆ ಊರಿನವರ ಹೋಟೆಲಿನಲ್ಲಿ ದುಡಿಮೆ, ಅಲ್ಲಿಯೇ ಊಟ ವಸತಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ಮೆಟ್ರಿಕ್ ಮುಗಿಸಿದ ಮೇಲೆ ಯಾವುದೋ ಕಚೇರಿಯಲ್ಲಿದ್ದ ಸಂಬಂಧಿಕರ ಶಿಫಾರಸು. ಹೀಗೆ ಬದುಕು ಕಟ್ಟಿಕೊಂಡವರು ನಮ್ಮ ನಡುವೆ ಈಗಲೂ ಇದ್ದಾರೆ. ಹೋಟೆಲಿನ ಧಣಿ, ರಾತ್ರಿಶಾಲೆಯ ಮಾಸ್ತರರು, ಕಚೇರಿಯಲ್ಲಿದ್ದ ಮಾವ, ಈ ಮೂವರು ಸೇರಿ ಮಾಡುತ್ತಿದ್ದುದನ್ನು ಇಂದು ಸಂಸ್ಥೆಯ ಕಾರ್ಯಕರ್ತನೊಬ್ಬ ಸಂಬಳ ಪಡೆದು ಮಾಡುತ್ತಾನೆ. ಗೋವಂಡಿಯ ಗಲ್ಲಿಯಲ್ಲಿ ಬೆಳೆದ ಹುಡುಗಿಗೆ ಯಾವ ಕಚೇರಿಯಲ್ಲಿಯೂ ಮಾವನಿಲ್ಲ. ಅವಳಲ್ಲಿ ಕೊರತೆಯಿರುವುದು ಜಾಣತನದ್ದಲ್ಲ, ಪರಿಚಯದ್ದು.

ನಮ್ಮ ದಿನಚರಿ ಬೆಳಗ್ಗೆ ತರಗತಿಯಿಂದ ಆರಂಭವಾಗುತ್ತಿತ್ತು. ಮಧ್ಯಾಹ್ನ ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳ ವ್ಯವಸ್ಥಾಪಕರ ಬಳಿಗೆ ಅಲೆದಾಟ. ನಿಜವಾದ ಕೆಲಸವಿರುತ್ತಿದ್ದುದು ಸಂಜೆ, ಮನೆಗಳಿಗೆ ಹೋಗುವುದರಲ್ಲಿ. ಉಚಿತ ತರಬೇತಿಯೆಂದರೆ ಜನರು ಮುಗಿಬೀಳುತ್ತಾರೆಂಬುದು ಹೊರಗಿನವರ ಭ್ರಮೆ. ಮೂರು ತಿಂಗಳು ಕಲಿಯುವುದೆಂದರೆ ಮೂರು ತಿಂಗಳ ಕೂಲಿ ಬಿಡುವುದು. ಮಗಳು ಮನೆಯಲ್ಲಿ ಕುಳಿತು ಹೊಲಿಗೆಯಿಂದ ತರುವ ಅಲ್ಪ ಹಣವೂ ನಿಂತರೆ ಬಾಡಿಗೆ ಹೇಗೆಂದು ತಾಯಿ ಕೇಳುತ್ತಾಳೆ. ತಂದೆ ಏನನ್ನೂ ಕೇಳುವುದಿಲ್ಲ, ಎದ್ದು ಹೊರಗೆ ಹೋಗುತ್ತಾನೆ. ಅಂಥಲ್ಲಿಗೆ ನಾಲ್ಕೈದು ಸಲ ಹೋಗಬೇಕಾಗುತ್ತಿತ್ತು. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ಮಾತ್ರ ನನಗೊಂದು ಅನುಕೂಲವಿತ್ತು. "ಯಾವ ಊರು ನಿಮ್ದು?" ಎಂದು ಕನ್ನಡದಲ್ಲಿ ಕೇಳಿದೊಡನೆ ಕೂರಲು ಚಾಪೆ ಬರುತ್ತಿತ್ತು.

ಇನ್ನು ಹಣದ ವಿಚಾರ. 2013ರ ಕಂಪೆನಿ ಕಾಯ್ದೆಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ವೃತ್ತಿಕೌಶಲ ತರಬೇತಿಯೂ ಅದರ ಪಟ್ಟಿಯಲ್ಲಿದೆ. ಸರಕಾರದ ಯೋಜನೆಗಳೂ ಇವೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಹಂತದಲ್ಲಿ, ಅಂದರೆ 2016ರಿಂದ 2020ರ ವರೆಗೆ, ತರಬೇತಿ ಕೇಂದ್ರಕ್ಕೆ ಶೇ. 30 ಹಣ ಆರಂಭದಲ್ಲಿ, ಶೇ. 50 ಅಭ್ಯರ್ಥಿಗಳು ಪ್ರಮಾಣಪತ್ರ ಪಡೆದಾಗ, ಉಳಿದ ಶೇ. 20 ನೌಕರಿಗೆ ಸೇರಿದ ಮೇಲೆ ದೊರೆಯುತ್ತಿತ್ತು. ಎಲ್ಲಕ್ಕಿಂತ ಕಠಿಣವಾದ ಭಾಗಕ್ಕೆ ಎಲ್ಲಕ್ಕಿಂತ ಕಡಿಮೆ ಹಣ! ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆಯು ತರಬೇತಿ ಪಡೆದವರಲ್ಲಿ ಕನಿಷ್ಠ ಶೇ. 70 ಮಂದಿಗೆ ನೌಕರಿ ಆಗಬೇಕೆಂಬ ಗುರಿ ಇಟ್ಟಿತು. ನಮಗೆ ಹಣ ನೀಡುತ್ತಿದ್ದ ಕಂಪೆನಿಯೂ ಅದೇ ಅಳತೆಗೋಲನ್ನು ಹಿಡಿದಿತ್ತು: ನೂರರಲ್ಲಿ ಎಪ್ಪತ್ತು ಮಂದಿ, ಮೂರು ತಿಂಗಳ ವೇತನ ಚೀಟಿ ಸಹಿತ.

ಆದರೆ ನೌಕರಿ ಬಿಡುವವರು ಬಹುತೇಕ ಮೊದಲ ತಿಂಗಳಲ್ಲೇ ಬಿಡುತ್ತಾರೆ. ಮಾನ್‌ಖುರ್ದ್‌ನ ಹುಡುಗಿಯೊಬ್ಬಳನ್ನು ಅಂಧೇರಿಯ ದೊಡ್ಡ ಅಂಗಡಿಯೊಂದಕ್ಕೆ ಸೇರಿಸಿದ್ದೆವು. ವಡಾಲಾದಲ್ಲಿ ಗಾಡಿ ಬದಲಿಸಿ ಹೋಗಬೇಕು, ದಿನವಿಡೀ ನಿಂತೇ ಇರಬೇಕು, ರಾತ್ರಿ ಹತ್ತಕ್ಕೆ ಪಾಳಿ ಮುಗಿಯಬೇಕು. ಮೂರನೆಯ ವಾರ ಅವಳು ಹೋಗಲಿಲ್ಲ. ಪಾಳಿ ಬದಲಿಸುವಂತೆ ವ್ಯವಸ್ಥಾಪಕರನ್ನು ಕೇಳಿಕೊಂಡೆವು, ಅವರು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗಿ ತಾನಾಗಿಯೇ ಮನೆಯ ಹತ್ತಿರದ ಔಷಧದ ಅಂಗಡಿಯಲ್ಲಿ ಕೆಲಸ ಹಿಡಿದಳು. ಸಂಬಳ ಕಡಿಮೆ, ಆದರೆ ಮನೆಗೆ ನಡೆದೇ ಬರಬಹುದು. ನಾವು ಕಲಿಸಿದ ಬಿಲ್ಲಿಂಗ್, ಗ್ರಾಹಕರೊಡನೆ ಮಾತಾಡುವ ರೀತಿ, ಎಲ್ಲವೂ ಅಲ್ಲಿ ಉಪಯೋಗಕ್ಕೆ ಬಂದವು. ತರಬೇತಿ ಸಾರ್ಥಕವಾಯಿತೆಂದೇ ನನ್ನ ಅಭಿಪ್ರಾಯ. ನಮ್ಮ ದಾಖಲೆಯಲ್ಲಿ ಮಾತ್ರ ಅವಳು "ಡ್ರಾಪೌಟ್", ಏಕೆಂದರೆ ಆ ಅಂಗಡಿಯಲ್ಲಿ ವೇತನ ಚೀಟಿ ಇರಲಿಲ್ಲ.

ಆ ಬ್ಯಾಚಿನ ಲೆಕ್ಕ ಗುರಿಗಿಂತ ತುಸುವೇ ಕಡಿಮೆಯಿತ್ತು. ಎಷ್ಟು ಸಂಬಳವೆಂದು ಬೇಕಾದರೂ ಬರೆದುಕೊಡುತ್ತೇನೆ ಎಂದು ಅಂಗಡಿಯವರು ಉಪಕಾರಬುದ್ಧಿಯಿಂದಲೇ ಹೇಳಿದರು. ತೆಗೆದುಕೊಳ್ಳಬಹುದಲ್ಲವೆ ಎಂದು ನಮ್ಮ ಕಚೇರಿಯಲ್ಲಿ ಇಡೀ ಒಂದು ಮಧ್ಯಾಹ್ನ ಚರ್ಚೆಯಾಯಿತು. ನಾನೂ ಮೊದಲು ತೆಗೆದುಕೊಳ್ಳೋಣವೆಂಬ ಪಕ್ಷದಲ್ಲಿದ್ದೆನೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಕೊನೆಗೆ ತೆಗೆದುಕೊಳ್ಳಲಿಲ್ಲ. ಮುಂದಿನ ಕಂತು ತಡವಾಗಿ, ಕಡಿಮೆಯಾಗಿ ಬಂತು. ಇಬ್ಬರು ಸಹೋದ್ಯೋಗಿಗಳ ಗುತ್ತಿಗೆ ನವೀಕರಣವಾಗಲಿಲ್ಲ. ಅವರಲ್ಲಿ ಒಬ್ಬರು, ಆ ಹುಡುಗಿಯ ತಾಯಿಯನ್ನು ಒಪ್ಪಿಸಲು ಐದು ಸಲ ಮನೆಗೆ ಹೋಗಿದ್ದವರು. ಇತರರಿಗೆ ಸ್ಥಿರವಾದ ನೌಕರಿ ಹುಡುಕುವವರ ನೌಕರಿ ಬಹುಮಟ್ಟಿಗೆ ವರ್ಷದಿಂದ ವರ್ಷಕ್ಕೆ ಅನುದಾನದ ದಾರದಲ್ಲಿ ತೂಗುತ್ತಿರುತ್ತದೆ.

ಬೇರೆ ಮಾದರಿ ಇಲ್ಲವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆಯು ಸ್ವಉದ್ಯೋಗಕ್ಕೆ ಉಚಿತ ತರಬೇತಿ ನೀಡುತ್ತಾ ಬಂದಿದೆ. ಅದನ್ನೇ ಮಾದರಿಯಾಗಿಸಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಬ್ಯಾಂಕುಗಳ ಮೂಲಕ ಜಿಲ್ಲೆಗೊಂದರಂತೆ ಆರ್‌ಸೆಟಿ ಕೇಂದ್ರಗಳನ್ನು ರೂಪಿಸಿತು. ಆ ಪದ್ಧತಿಯಲ್ಲಿ ತರಬೇತಿ ಕೆಲವೇ ವಾರ, ಅನಂತರದ ಅನುಸರಣೆ ಎರಡು ವರ್ಷ. ನೌಕರಿಗೂ ಸ್ವಉದ್ಯೋಗಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ವಾರಗಳ ಕಲಿಕೆಗೆ ವರ್ಷಗಳ ಬೆಂಬಲ ಬೇಕೆಂಬ ಆ ಲೆಕ್ಕಾಚಾರ, ಜನರ ಸ್ವಭಾವವನ್ನು ಬಲ್ಲವರದು.

ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆ ನಡೆಸುವ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಇಂಥ ಸಂಸ್ಥೆಯಿಂದ ಯಾರಾದರೂ ನಿಮ್ಮಲ್ಲಿಗೆ ಬಂದರೆ ದೇಣಿಗೆಯ ರಸೀದಿ ಪುಸ್ತಕ ತಂದಿರಬಹುದೆಂದು ಹೆದರಬೇಡಿ. ಅವರಿಗೆ ಬೇಕಾದುದು ಕೆಲಸಕ್ಕೆ ಸೇರಿದವರಿಗೊಂದು ನೇಮಕಪತ್ರ, ಬ್ಯಾಂಕಿನ ಮೂಲಕ ಸಂಬಳ, ಮತ್ತು ಮೊದಲ ತಿಂಗಳಲ್ಲಿ ಹುಡುಗ ಎರಡು ದಿನ ಬಾರದಿದ್ದರೆ ತೆಗೆದುಹಾಕುವ ಮೊದಲು ಒಂದು ಫೋನ್ ಕರೆ.